ಲಾಯದ ಗಡಿಯಾರ, ತೂತಿನ ಡಬ್ಬಿ, ಹದಿನೆಂಟು ಹಾಳೆ

ಲೆನ್ಸ್ ಬದಲು ಸೂಜಿಯ ತೂತಿರುವ ಡಬ್ಬಿ ಕ್ಯಾಮೆರಾ (ಪಿನ್‌ಹೋಲ್ ಕ್ಯಾಮೆರಾ) ಮಾಡಿ, ಫೋಟೋ ಕಾಗದದ ಮೇಲೆ ಒಂದು ಕಟ್ಟಡದ ಚಿತ್ರ ಹಿಡಿಯಲು ಹೊರಟಿದ್ದೆ. ಮೊದಲೇ ಲೆಕ್ಕ ಕೊಟ್ಟುಬಿಡುತ್ತೇನೆ. 25 ಹಾಳೆಯ ಪ್ಯಾಕೆಟ್ಟಿನಲ್ಲಿ 18 ಖರ್ಚಾಗಿವೆ. ಗೋಡೆಗೆ ಹಾಕಬಹುದಾದ ಚಿತ್ರ ಎರಡು. ಇನ್ನೊಂದು ಚೆನ್ನಾಗಿಯೇ ಇದೆ, ಆದರೆ ಅದರಲ್ಲಿ ಕಟ್ಟಡ ಬಾಳೆಹಣ್ಣಿನ ಹಾಗೆ ಬಾಗಿದೆ. ಎರಡು ಹಾಳೆ ಪರೀಕ್ಷೆಗೆ ಹೋದವು. ಉಳಿದ 13 ಹಾಳಾದವು, ಅದೂ ಪೂರ್ತಿ ನನ್ನ ಕೈಯಿಂದಲೇ.

ಕಟ್ಟಡ ಯಾವುದಪ್ಪಾ ಅಂದರೆ, ಒಂದು ಹಳೆಯ ಎಸ್ಟೇಟಿನ ಕುದುರೆ ಲಾಯ. ಈಗ ಕುದುರೆ ಇಲ್ಲ, ಲಾಯ ಇದೆ. ಐದು ಕಮಾನು, ಹೆಂಚಿನ ಮಾಡು, ನಡುವೆ ಒಂದು ಪುಟ್ಟ ಗಡಿಯಾರದ ಗೋಪುರ. ಅಗಲ 22 ಮೀಟರ್, ಟೇಪ್ ಹಿಡಿದು ಅಳೆದದ್ದು. ಗೋಪುರದ ತುದಿಗೆ ಸುಮಾರು 11 ಮೀಟರ್, ಇದು ಕೋಲಿನ ನೆರಳು ನೋಡಿ ಹಾಕಿದ ಲೆಕ್ಕ. ಗಡಿಯಾರ 4:20ಕ್ಕೆ ನಿಂತಿದೆ. ನಿಂತ ಗಡಿಯಾರ ನಮ್ಮಂಥವರಿಗೆ ಅನುಕೂಲ. ಓಡುವ ಗಡಿಯಾರವಾಗಿದ್ದರೆ ಐದು ನಿಮಿಷದ ಎಕ್ಸ್‌ಪೋಷರಿನಲ್ಲಿ (ಅಂದರೆ ಹಾಳೆಗೆ ಬೆಳಕು ಬೀಳಲು ಬಿಡುವ ಹೊತ್ತಿನಲ್ಲಿ) ನಿಮಿಷದ ಮುಳ್ಳು 30 ಡಿಗ್ರಿ ಸರಿದು ಬೀಸಣಿಗೆಯಾಗಿರುತ್ತಿತ್ತು.

ದಿನ 1: ತೂತು

ತಂಪು ಪಾನೀಯದ ಅಲ್ಯೂಮಿನಿಯಂ ಕ್ಯಾನ್ ಕತ್ತರಿಸಿ 2 ಸೆಂ.ಮೀ. ಚೌಕದ ತುಂಡು ಮಾಡಿಕೊಂಡೆ. ತಗಡು ಸುಮಾರು 0.1 ಮಿ.ಮೀ. ದಪ್ಪ. ದಪ್ಪ ರಟ್ಟಿನ ಮೇಲಿಟ್ಟು, ಸಣ್ಣ ಹೊಲಿಗೆ ಸೂಜಿಯನ್ನು ನೆಟ್ಟಗೆ ಹಿಡಿದು ಒತ್ತಿದೆ. ಒಂದೇ ಏಟಿಗೆ ತೂತು ಮಾಡಬಾರದು, ಬರೀ ಉಬ್ಬು ಬರಬೇಕು. ಹಿಂದಿನಿಂದ ಆ ಉಬ್ಬನ್ನು 600 ನಂಬರಿನ ಉಪ್ಪುಕಾಗದದಲ್ಲಿ ತಿಕ್ಕಬೇಕು. ಮತ್ತೆ ಒತ್ತು, ಮತ್ತೆ ತಿಕ್ಕು. ಮೂರನೇ ಸಲಕ್ಕೆ ಸೂಜಿಯ ಮೊನೆ ತಾನಾಗಿ ಆಚೆ ಇಣುಕುತ್ತದೆ. ಆಮೇಲೆ ಸೂಜಿಯನ್ನು ಬೆರಳಲ್ಲಿ ತಿರುಗಿಸಿ ಅಂಚು ನಯ ಮಾಡಿದೆ.

ಅಳತೆಗೆ ಸ್ಕ್ಯಾನರ್ ಬಳಸಿದೆ. 2400 ಡಿಪಿಐನಲ್ಲಿ ಒಂದು ಪಿಕ್ಸೆಲ್ ಅಂದರೆ ಸುಮಾರು 0.0106 ಮಿ.ಮೀ. ಮೊದಲ ತೂತು ಒಂದು ಕಡೆ 61 ಪಿಕ್ಸೆಲ್, ಇನ್ನೊಂದು ಕಡೆ 52. ಮೊಟ್ಟೆ! ಎರಡನೆಯದಕ್ಕೆ ಅಂಚಿನಲ್ಲಿ ತಗಡಿನ ಮುಳ್ಳು. ಮೂರನೆಯದು 47 ಪಿಕ್ಸೆಲ್, ಎತ್ತ ತಿರುಗಿಸಿದರೂ 47. ಅಂದರೆ 0.5 ಮಿ.ಮೀ. ನನ್ನ ಡಬ್ಬಿಯಲ್ಲಿ ತೂತಿನಿಂದ ಕಾಗದಕ್ಕಿರುವ 127 ಮಿ.ಮೀ. ದೂರಕ್ಕೆ ಸೂತ್ರ ಕೇಳುವುದೂ ಅಷ್ಟೇ. ಭೌತವಿಜ್ಞಾನಿ ಲಾರ್ಡ್ ರೇಲಿ ಕಾಲದಿಂದ ಬಂದ ಸೂತ್ರ ಅದು: ದೂರವನ್ನು ಬೆಳಕಿನ ತರಂಗದ ಉದ್ದದಿಂದ ಗುಣಿಸಿ, ವರ್ಗಮೂಲ ತೆಗೆದು, 1.9ರಿಂದ ಗುಣಿಸಿ. ಎಲ್ಲವೂ ಮಿಲಿಮೀಟರಿನಲ್ಲಿರಬೇಕು. ಹಸಿರು ಬೆಳಕಿಗೆ 0.00055 ಎಂದು ಹಿಡಿದೆ.

ಇಡೀ ರಾತ್ರಿ ಈ ತೂತಿಗೇ ಹೋಯಿತು. ತುಂಬಾ ಮುಖ್ಯವಾದ ಕೆಲಸ ಮಾಡುತ್ತಿದ್ದೇನೆ ಅಂದುಕೊಂಡಿದ್ದೆ.

ದಿನ 2: ಡಬ್ಬಿ

ಹಾಲಿನ ಪುಡಿಯ ತಗಡಿನ ಡಬ್ಬಿ, ವ್ಯಾಸ 12.7 ಸೆಂ.ಮೀ. ಪಕ್ಕದಲ್ಲಿ ಮೊಳೆ ಹೊಡೆದು 8 ಮಿ.ಮೀ. ತೂತು ಮಾಡಿ, ಅರದಿಂದ ಅಂಚು ಸವರಿ, ಒಳಗಿನಿಂದ ತಗಡಿನ ತುಂಡನ್ನು ಕಪ್ಪು ಟೇಪಿನಲ್ಲಿ ಅಂಟಿಸಿದೆ. ಒಳಗೆ ಹೊಳಪಿಲ್ಲದ ಕಪ್ಪು ಪೇಂಟ್. ಹೊರಗೆ ತೂತಿನ ಮೇಲೆ ಟೇಪಿನ ಪಟ್ಟಿ, ಅದೇ ಶಟರ್.

ಹಾಳೆ 5×7 ಇಂಚಿನ ಕಪ್ಪು ಬಿಳುಪು ಫೋಟೋ ಕಾಗದ, ಮಲ್ಟಿಗ್ರೇಡ್ (ಬೆಳಕಿನ ಬಣ್ಣಕ್ಕೆ ತಕ್ಕಂತೆ ಕಾಂಟ್ರಾಸ್ಟ್ ಬದಲಾಗುವಂಥದ್ದು), ಪ್ಲಾಸ್ಟಿಕ್ ಲೇಪನದ್ದು. ಕೆಂಪು ಬೆಳಕಿಗೆ ಕುರುಡು, ಹಾಗಾಗಿ ಕೆಂಪು ಬಲ್ಬಿನಲ್ಲಿ ಕೆಲಸ ಮಾಡಬಹುದು. ಬಲ್ಬನ್ನೂ ಸುಮ್ನೆ ನಂಬಬಾರದು ಅಲ್ವಾ? ಹಾಳೆ 1ನ್ನು ಪಟ್ಟಿಗಳಾಗಿ ಕತ್ತರಿಸಿದೆ. ಒಂದು ಪಟ್ಟಿಯ ಮೇಲೆ ನಾಣ್ಯ ಇಟ್ಟು ಐದು ನಿಮಿಷ ಬಿಟ್ಟು ಡೆವಲಪ್ ಮಾಡಿದೆ. ನಾಣ್ಯದ ಗುರುತು ಬರಲಿಲ್ಲ, ಬಲ್ಬ್ ಪಾಸು. ಬಚ್ಚಲುಮನೆಯಲ್ಲಿ ಮೂರು ಟ್ರೇ: ಚಿತ್ರ ಮೂಡಿಸುವ ಡೆವಲಪರ್ 1+9 (ಒಂದು ಪಾಲಿಗೆ ಒಂಬತ್ತು ಪಾಲು ನೀರು), 20 ಡಿಗ್ರಿಯಲ್ಲಿ ಒಂದೂವರೆ ನಿಮಿಷ. ನೀರು ಬೆರೆಸಿದ ವಿನಿಗರ್ ಅರ್ಧ ನಿಮಿಷ. ಚಿತ್ರ ಕಾಯಂ ಮಾಡುವ ಫಿಕ್ಸರ್ ಒಂದು ನಿಮಿಷ. ಆಮೇಲೆ ಹರಿಯುವ ನೀರು ಐದು ನಿಮಿಷ.

ಹಾಳೆ 2: ಕಿಟಕಿಯಿಂದ ಆಚೆ ಗುರಿಯಿಟ್ಟು ತೆಗೆದದ್ದು. ಮಂಜಿನಲ್ಲಿ ದೆವ್ವ ನಿಂತ ಹಾಗೆ ಏನೋ ಕಾಣುತ್ತಿತ್ತು. ಕಾಗದ ಮಗುಚಿಬಿದ್ದಿತ್ತು, ಹಿಂಬದಿ ತೂತಿನ ಕಡೆಗಿತ್ತು. ಇದಕ್ಕೊಂದು ಉಪಾಯವಿದೆ. ಮೂಲೆಯನ್ನು ಒದ್ದೆ ತುಟಿಗೆ ಮುಟ್ಟಿಸಿ. ಅಂಟಿದ ಹಾಗೆ ಅನ್ನಿಸುವ ಬದಿಯೇ ಲೇಪನದ ಬದಿ.

ಹಾಳೆ 3: ಪೂರ್ತಿ ಕಪ್ಪು. ಈ ಕಾಗದದ ಮೇಲೆ ಬರುವುದು ನೆಗೆಟಿವ್, ಬೆಳಕು ಬಿದ್ದ ಕಡೆ ಕಪ್ಪಾಗುತ್ತದೆ. ಡಬ್ಬಿಯ ಮುಚ್ಚಳ ಪ್ಲಾಸ್ಟಿಕ್ಕಿನದು. ಕಪ್ಪು ಪೇಂಟ್ ಬಳಿದಿದ್ದೆ, ಕೋಣೆಯಲ್ಲಿ ನೋಡಿದಾಗ ಕಪ್ಪಾಗಿಯೇ ಇತ್ತು. ಬಿಸಿಲಿಗೆ ಹಿಡಿದರೆ ಜರಡಿ. ಒಳಗೆ ಅಲ್ಯೂಮಿನಿಯಂ ಫಾಯಿಲ್ ಎರಡು ಪದರ, ಅದರ ಮೇಲೆ ಕಪ್ಪು ಕಾಗದದ ಬಿಲ್ಲೆ ಹಾಕಿದ ಮೇಲೆ ಸರಿಹೋಯಿತು.

ಹಾಳೆ 4: ಅವಸರ. ಎರಡನೇ ಕೋಟು ಪೇಂಟ್ ಒಣಗಿರಲಿಲ್ಲ. ಹಾಳೆ ಡಬ್ಬಿಯ ಗೋಡೆಗೆ ಅಂಟಿಕೊಂಡು, ಎಳೆದರೆ ಹರಿಯಿತು. ಪೇಂಟಿಗೆ ಒಂದು ಇಡೀ ದಿನ ಬಿಡಿ.

ದಿನ 4: ಮೊದಲ ಸಲ ಲಾಯದ ಎದುರು

ಅನುಮತಿ ಮೊದಲೇ ತೆಗೆದುಕೊಂಡಿದ್ದೆ, ಆದರೆ ಕಾವಲುಗಾರನಿಗೆ ಅದು ಗೊತ್ತಿರಲಿಲ್ಲ. ಕಪ್ಪು ಟೇಪು ಸುತ್ತಿದ ಡಬ್ಬಿಯೊಂದನ್ನು ಹಳೆಯ ಕಟ್ಟಡದ ಎದುರು ಇಟ್ಟು, ಗಡಿಯಾರ ನೋಡುತ್ತಾ ದೂರ ಸರಿದು ನಿಲ್ಲುವ ಮನುಷ್ಯ ಹೇಗೆ ಕಾಣಿಸಬಹುದು ಅಂತ ನಾನೂ ಯೋಚಿಸಿರಲಿಲ್ಲ.

"ಏನ್ ಸಾರ್ ಅದು?"

"ಕ್ಯಾಮೆರಾ, ಅಣ್ಣ."

"ಎಲ್ಲಿದೆ ಕ್ಯಾಮೆರಾ?"

ವಿವರಿಸುವ ಹೊತ್ತಿಗೆ 75 ಸೆಕೆಂಡ್ ಮುಗಿದಿತ್ತು. ಮುಂದಿನ ಸಲದಿಂದ ಡಬ್ಬಿಯ ಮೇಲೆ ದಪ್ಪ ಅಕ್ಷರದಲ್ಲಿ "ಕ್ಯಾಮೆರಾ, ಮುಟ್ಟಬೇಡಿ" ಎಂದು ಬರೆದು, ಕೆಳಗೆ ನನ್ನ ಫೋನ್ ನಂಬರ್ ಹಾಕಿದೆ. ನೀವೂ ಹಾಕಿ.

75 ಸೆಕೆಂಡ್ ಹೇಗೆ ಬಂತು? 127ನ್ನು 0.5ರಿಂದ ಭಾಗಿಸಿದರೆ ಎಫ್ 254, ಅಂದರೆ ಕಾಗದದ ದೂರ ತೂತಿನ ವ್ಯಾಸದ 254 ಪಟ್ಟು. ಕಾಗದದ ವೇಗ, ಅಂದರೆ ಬೆಳಕಿಗೆ ಅದು ಎಷ್ಟು ಚುರುಕು ಅನ್ನುವುದು, ಐಎಸ್‌ಒ 6 ಎಂದು ಹಿಡಿದೆ. ನೇರ ಬಿಸಿಲಿಗೆ ಲೆಕ್ಕ 40 ಸೆಕೆಂಡ್ ಚಿಲ್ಲರೆ ಅನ್ನುತ್ತದೆ. ದೀರ್ಘ ಎಕ್ಸ್‌ಪೋಷರಿನಲ್ಲಿ ಕಾಗದ ಸೋಮಾರಿಯಾಗುತ್ತದೆ, ಅದಕ್ಕೆ ಹತ್ತಿರ ಹತ್ತಿರ ಎರಡರಷ್ಟು ಕೊಟ್ಟೆ.

ಹಾಳೆ 5: ಬಂತು! ಟ್ರೇಯಲ್ಲಿ ಕಮಾನುಗಳು ಒಂದೊಂದಾಗಿ ಮೂಡುವುದನ್ನು ನೋಡಿ ಬಚ್ಚಲಲ್ಲಿ ಒಬ್ಬನೇ ಕೂಗಿದೆ. ಒಣಗಿದ ಮೇಲೆ ಸರಿಯಾಗಿ ನೋಡಿದೆ. ಮಾಡಿನ ಸಾಲು ಬಿಲ್ಲಿನ ಹಾಗೆ ಬಾಗಿತ್ತು. ಡಬ್ಬಿಯೊಳಗೆ ಕಾಗದ ದುಂಡಗೆ ಕೂತಿರುತ್ತದೆ, ಹಾಗಾಗಿ ಅಡ್ಡಗೆರೆಗಳು ಬಾಗುತ್ತವೆ. ಮರ, ಬಂಡೆ, ಕೆರೆಯಾದರೆ ಯಾರಿಗೂ ಗೊತ್ತಾಗುವುದಿಲ್ಲ. ಕಟ್ಟಡ ಬಿಡುವುದಿಲ್ಲ. ಅದರ ಮೈಯೆಲ್ಲ ನೇರ ಗೆರೆ, ಸ್ವಲ್ಪ ತಪ್ಪಿದರೂ ತೋರಿಸಿಕೊಡುತ್ತದೆ.

ಹಾಳೆ 6: ಅಲ್ಲೇ ಗಾಳಿಗೆ ಡಬ್ಬಿ ಅಲುಗಾಡಿತು, ಎರಡು ಗೋಪುರ ಬಂದವು. ಬಟ್ಟೆಯ ಚೀಲದಲ್ಲಿ ಎರಡು ಕಿಲೋ ಮರಳು ತುಂಬಿ ಮೇಲಿಡಬೇಕಿತ್ತು, ಆಮೇಲೆ ಹಾಗೇ ಮಾಡಿದೆ.

ದಿನ 7ರಿಂದ 9: ಪೆಟ್ಟಿಗೆ

ಡಬ್ಬಿ ಬಿಟ್ಟು ಚಪ್ಪಟೆ ಹಿಂಬದಿಯ ಪೆಟ್ಟಿಗೆಗೆ ಇಳಿದೆ. 6 ಮಿ.ಮೀ. ಪ್ಲೈವುಡ್. ಒಳ ಅಳತೆ: ಅಗಲ 180, ಎತ್ತರ 130, ಆಳ 100 ಮಿ.ಮೀ. ಹಿಂದಿನ ಮುಚ್ಚಳ ಡಬ್ಬಿಯ ಮುಚ್ಚಳದ ಹಾಗೆ 30 ಮಿ.ಮೀ. ಮೇಲೆ ಹತ್ತಿಕೊಳ್ಳುತ್ತದೆ, ಸಂದಿಯಲ್ಲಿ ಕಪ್ಪು ಮಖಮಲ್ ಪಟ್ಟಿ. ಒಳಗೆ ಕಾಗದ ಜಾರಿಸಲು ಎರಡು ಕಡೆ ರಟ್ಟಿನ ತೋಡು. ತಳದಲ್ಲಿ ಕಾಲಿಂಚಿನ ನಟ್ಟನ್ನು ಎಪಾಕ್ಸಿಯಲ್ಲಿ ಕೂರಿಸಿದೆ, ಟ್ರೈಪಾಡಿಗೆ ಸರಿಯಾಗಿ ಕೂತಿತು. ಮೊದಲ ನಟ್ಟು ಓರೆಯಾಗಿ ಒಣಗಿತ್ತು. ಉಳಿಯಿಂದ ಕೀಳುವಾಗ ತಳದ ಹಲಗೆಯೇ ಸೀಳಿತು, ಅದನ್ನು ಬದಲಿಸಿದೆ.

100 ಮಿ.ಮೀ. ಆಳಕ್ಕೆ ಹೊಸ ತೂತು ಬೇಕು. ಕಾಗದ ನೋಡುವುದು ನೀಲಿ ಬೆಳಕನ್ನೇ ಜಾಸ್ತಿ, ಹಾಗಾಗಿ ಈ ಸಲ 0.00045 ಹಿಡಿದೆ. 0.4 ಮಿ.ಮೀ., ಸ್ಕ್ಯಾನರಿನಲ್ಲಿ 38 ಪಿಕ್ಸೆಲ್. ಎರಡನೇ ಪ್ರಯತ್ನಕ್ಕೇ ಬಂತು. ಎಫ್ 250, ಡಬ್ಬಿಗೆ ಹೆಚ್ಚುಕಡಿಮೆ ಅಷ್ಟೇ. ಎಕ್ಸ್‌ಪೋಷರಿನ ಲೆಕ್ಕ ಬದಲಿಸುವ ಗೋಜು ತಪ್ಪಿತು.

ವ್ಯೂಫೈಂಡರ್ ಇಲ್ಲವಲ್ಲ, ಅದಕ್ಕೆ ಪೆಟ್ಟಿಗೆಯ ಮೇಲೆ ತೂತಿನ ಜಾಗದಿಂದ ಕಾಗದದ ಎರಡು ಅಂಚಿಗೆ ಪೆನ್ಸಿಲ್ ಗೆರೆ ಎಳೆದು, ತುದಿಗಳಲ್ಲಿ ಗುಂಡುಸೂಜಿ ಚುಚ್ಚಿದೆ. ಹಿಂದಿನಿಂದ ಕಣ್ಣಿಟ್ಟು ನೋಡಿದರೆ ಚಿತ್ರದ ಎಡಬಲ ಗೊತ್ತಾಗುತ್ತದೆ. ಪಕ್ಕದಲ್ಲೂ ಹಾಗೇ ಮಾಡಬೇಕು. ಮೊದಲು ಮಾಡಲಿಲ್ಲ, ಅದರ ಕಥೆ ಮುಂದೆ ಬರುತ್ತದೆ.

ಇಷ್ಟು ಮಾಡುವಾಗ ಫೋಟೋಗ್ರಫಿಯ ಮೊದಲಿಗರಲ್ಲಿ ಒಬ್ಬನಾದ ಟಾಲ್ಬಟ್ ನೆನಪಾದ. 1835ರ ಆಗಸ್ಟ್‌ನಲ್ಲಿ ಹೆನ್ರಿ ಫಾಕ್ಸ್ ಟಾಲ್ಬಟ್ ಇಂಗ್ಲೆಂಡಿನ ಲೇಕಾಕ್ ಆಬಿ ಎಂಬ ತನ್ನ ಹಳೆಯ ಮನೆಯ ಕಿಟಕಿಯನ್ನು ಕಾಗದದ ನೆಗೆಟಿವ್ ಮೇಲೆ ಹಿಡಿದ. ಅವನ ಪುಟ್ಟ ಪೆಟ್ಟಿಗೆಗಳಿಗೆ ಲೆನ್ಸ್ ಇತ್ತು. ಅವನ್ನು ಹೆಂಡತಿ ಕಾನ್‌ಸ್ಟನ್ಸ್ ಇಲಿಬೋನು ಎಂದು ಕರೆದಿದ್ದಳು. ನನ್ನ ಪೆಟ್ಟಿಗೆಗೆ ನಮ್ಮ ಮನೆಯಲ್ಲಿ ಇಟ್ಟಿರುವ ಹೆಸರು ಅದಕ್ಕಿಂತ ಕೆಟ್ಟದ್ದು.

ದಿನ 10ರಿಂದ 13: ಗೋಪುರದ ತುದಿ

ಲಾಯದಿಂದ 14 ಮೀಟರ್‌ಗಿಂತ ಹಿಂದೆ ಹೋಗುವ ಹಾಗಿಲ್ಲ, ದೊಡ್ಡ ಮರ ಅಡ್ಡ ಬರುತ್ತದೆ. ಅಲ್ಲಿಂದ ಅಗಲ ಸರಿಯಾಗಿ ಹಿಡಿಸುತ್ತದೆ. ತಾಪತ್ರಯವೆಲ್ಲ ಎತ್ತರದ್ದು.

ಹಾಳೆ 7: ತುದಿ ಸಿಗಲಿ ಎಂದು ಪೆಟ್ಟಿಗೆಯನ್ನು ಸ್ವಲ್ಪ ಮೇಲಕ್ಕೆ ಓಲಿಸಿದೆ. ಗೋಡೆಗಳು ಒಂದಕ್ಕೊಂದು ಒರಗಿ, ಲಾಯ ಹಿಂದಕ್ಕೆ ಬೀಳುತ್ತಿರುವ ಹಾಗೆ ಬಂತು.

ಹಾಳೆ 8: ಬಡಗಿಯ ರಸಮಟ್ಟ ಇಟ್ಟು ಪೆಟ್ಟಿಗೆಯನ್ನು ನೇರ ನಿಲ್ಲಿಸಿದೆ. ಗೋಡೆ ನೆಟ್ಟಗಾಯಿತು, ಆದರೆ ಗೋಪುರದ ತಲೆ ಹೋಯಿತು. ಚಿತ್ರದ ಕೆಳಗಿನ ಅರ್ಧ ಬರೀ ಹುಲ್ಲು. ಅಂಥ ಚಂದದ ಹುಲ್ಲೂ ಅಲ್ಲ.

ಲೆಕ್ಕ ಹಾಕಿದೆ. ಪೆಟ್ಟಿಗೆ ನೆಲದಿಂದ 1.2 ಮೀಟರ್ ಎತ್ತರದಲ್ಲಿದೆ. ಗೋಪುರದ ತುದಿ ಅದಕ್ಕಿಂತ 9.8 ಮೀಟರ್ ಮೇಲೆ. 14 ಮೀಟರ್ ದೂರಕ್ಕೆ, 100 ಮಿ.ಮೀ. ಆಳದ ಪೆಟ್ಟಿಗೆಯಲ್ಲಿ ಆ ತುದಿ ತೂತಿನ ಮಟ್ಟದಿಂದ 70 ಮಿ.ಮೀ. ಕೆಳಗೆ ಬೀಳುತ್ತದೆ. ತೂತು ನಡುವೆ ಇದ್ದರೆ ಕೆಳಗಿರುವ ಕಾಗದ 63 ಮಿ.ಮೀ. ಮಾತ್ರ. ತಲೆ ಹೋಗದೆ ಇನ್ನೇನಾದೀತು? ಪರಿಹಾರ: ಪೆಟ್ಟಿಗೆ ನೇರವೇ ಇರಲಿ, ತೂತನ್ನು 25 ಮಿ.ಮೀ. ಸರಿಸಬೇಕು.

ಹಾಳೆ 9, ನಾನು ಯಾರಿಗೂ ಹೇಳಬಾರದು ಅಂದುಕೊಂಡಿದ್ದ ತಪ್ಪು. ಚಿತ್ರ ತಲೆಕೆಳಗು ಬೀಳುತ್ತದೆ, ಹಾಗಾದರೆ ತೂತನ್ನೂ ಕೆಳಗೆ ಸರಿಸಬೇಕು ಎಂದು ಜಾಣತನ ಮಾಡಿ, ಕೆಳಗೆ 25 ಮಿ.ಮೀ.ಗೆ ಹೊಸ ತೂತು ಕೊರೆದೆ. ಬಂದದ್ದು ಬರೀ ಹುಲ್ಲು, ಕಮಾನು ಅರ್ಧ. ಗೋಪುರದ ತುದಿಯಿಂದ ಬಂದ ಬೆಳಕು ತೂತು ದಾಟಿ ಕೆಳಕ್ಕೆ ಇಳಿಯುತ್ತದೆ. ಅದಕ್ಕೆ ಕೆಳಗೆ ಹೆಚ್ಚು ಕಾಗದ ಬೇಕು. ಅಂದರೆ ತೂತು ಮೇಲೆ ಹೋಗಬೇಕು. ಪಕ್ಕದಲ್ಲಿ ಪೆನ್ಸಿಲ್ ಗೆರೆ ಎಳೆದಿದ್ದರೆ ಒಂದೇ ನೋಟಕ್ಕೆ ಗೊತ್ತಾಗುತ್ತಿತ್ತು. ಈಗ ಪೆಟ್ಟಿಗೆಯ ಮುಖದಲ್ಲಿ ಮೂರು ತೂತುಗಳಿವೆ. ಕೆಳಗಿನದಕ್ಕೆ ಶಾಶ್ವತವಾಗಿ ಟೇಪು ಬಿದ್ದಿದೆ.

ಹಾಳೆ 10: ಮೇಲಿನ ತೂತು. ಗೋಪುರ ಪೂರ್ತಿ, ಮೇಲೆ ಚೂರು ಆಕಾಶ, ಹುಲ್ಲು ಹದವಾಗಿ. ಆದರೆ ಬೆಳಕು ವಿಪರೀತ. ಕಪ್ಪು ಬಿಳುಪು ಅದಲುಬದಲು ಮಾಡಿ ನೋಡಿದರೆ ಬಿಸಿಲು ಬಿದ್ದ ಗೋಡೆ ಸುಟ್ಟ ಬಿಳಿ, ಕಮಾನಿನೊಳಗೆ ಬರೀ ಮಸಿ, ನಡುವೆ ಏನೂ ಇಲ್ಲ. ಮಲ್ಟಿಗ್ರೇಡ್ ಕಾಗದಕ್ಕೆ ನೀಲಿ ಬೆಳಕು ಬಿದ್ದಷ್ಟೂ ಕಾಂಟ್ರಾಸ್ಟ್ ಏರುತ್ತದೆ. ಹಳದಿ ಫಿಲ್ಟರ್ ಹಾಕಿದರೆ ಇಳಿಯುತ್ತದೆ, ನನ್ನ ಹತ್ತಿರ ಇರಲಿಲ್ಲ.

ಇಲ್ಲಿಗೆ ಹತ್ತು ಹಾಳೆ. ಮೊದಲ ರಾತ್ರಿ ಪೂರ್ತಿ ಕೂತು ತಿಕ್ಕಿದ್ದೆನಲ್ಲ, ಆ ತೂತಿನ ಅಳತೆಯ ದೆಸೆಯಿಂದ ಹಾಳಾದ ಹಾಳೆ ಒಂದೂ ಇಲ್ಲ. ಮೊಟ್ಟೆಯಾಕಾರದ ಮೊದಲ ತೂತಿನಲ್ಲೇ ತೆಗೆದಿದ್ದರೂ ಚಿತ್ರ ಸ್ವಲ್ಪ ಮಸುಕಾಗುತ್ತಿತ್ತು, ಅಷ್ಟೇ. ಮುಚ್ಚಳ, ರಸಮಟ್ಟ, ಕಾಗದದ ಬದಿ ಇವಕ್ಕೆ ಅದರ ಕಾಲುಭಾಗ ಹೊತ್ತು ಕೊಡಲಿಲ್ಲ.

ದಿನ 14: ಜಾಕೆಟ್

ಒಂದು ಸಲ ಹೋದರೆ ಒಂದೇ ಚಿತ್ರ ಅಂದರೆ ಬೇಸರ. ಕಪ್ಪು ಜಾಕೆಟ್ಟಿನ ಜಿಪ್ ಹಾಕಿ, ಕೆಳಗಿನ ತೆರೆ ಮಡಚಿ ಕ್ಲಿಪ್ ಹಾಕಿ, ತೋಳುಗಳಿಂದ ಕೈ ತೂರಿಸಿ ಮರದ ನೆರಳಲ್ಲಿ ಹಾಳೆ ಬದಲಿಸಿದೆ. ಹಾಳೆ 11, 12 ಎರಡಕ್ಕೂ ಒಂದೇ ಕಡೆ ಕಪ್ಪು ಗೆರೆಗಳು, ಜಿಪ್ಪಿನ ಹಲ್ಲುಗಳ ಗುರುತಿನ ಸಮೇತ. ಬೇಕಿದ್ದರೆ ಸರಿಯಾದ ಚೇಂಜಿಂಗ್ ಬ್ಯಾಗ್ ತೆಗೆದುಕೊಳ್ಳಿ, ಇಲ್ಲವೇ ಎರಡು ಪೆಟ್ಟಿಗೆ ಮಾಡಿ. ನಾನು ಒಂದೊಂದೇ ಚಿತ್ರಕ್ಕೆ ಒಗ್ಗಿಕೊಂಡೆ.

ಅಂದು ಹೊರಡುವಾಗ ಕಾವಲುಗಾರ ಕರೆದ. "ಬನ್ನಿ ಸಾರ್, ನಿಮಗೊಂದು ತೋರಿಸ್ತೀನಿ." ಲಾಯದ ಕೊನೆಯಲ್ಲಿ ಮೇವಿನ ಕೋಣೆ, ಕಿಟಕಿಗಳೆಲ್ಲ ಹಲಗೆ ಹೊಡೆದು ಮುಚ್ಚಿವೆ. ಬಾಗಿಲು ಹಾಕಿಕೊಂಡ. ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು ಎರಡು ನಿಮಿಷ ಹಿಡಿಯಿತು. ಎದುರು ಗೋಡೆಯ ಮೇಲೆ ದೊಡ್ಡ ಮರ ತಲೆಕೆಳಗಾಗಿ ನಿಂತು ಅಲ್ಲಾಡುತ್ತಿತ್ತು. ಬಾಗಿಲ ಬೀಗದ ಕಂಡಿಯಿಂದ ಬಂದ ಬೆಳಕು. ಹಂಪಿಯ ವಿರೂಪಾಕ್ಷ ಗುಡಿಯಲ್ಲಿ ಗೋಪುರದ ನೆರಳು ತಲೆಕೆಳಗಾಗಿ ಬೀಳುವುದನ್ನು ನೋಡಿದವರಿಗೆ ಇದು ಹೊಸದಲ್ಲ. ನಾನೂ ಅದನ್ನು ನೋಡಿದ್ದೇನೆ. ಆದರೂ ಹನ್ನೆರಡು ಹಾಳೆ ಕಳೆದುಕೊಂಡವನ ಎದುರು ಒಂದು ಕೋಣೆ ಏನೂ ಖರ್ಚಿಲ್ಲದೆ ಅದನ್ನೇ ಮಾಡಿ ತೋರಿಸಿದಾಗ ಸ್ವಲ್ಪ ಅವಮಾನ ಆಗುತ್ತದೆ.

ದಿನ 16ರಿಂದ 20: ಮುನ್ಬೆಳಕು

ಕಾಂಟ್ರಾಸ್ಟ್ ಇಳಿಸಲು ಪ್ರೀಫ್ಲ್ಯಾಶ್ ಮಾಡಿದೆ. ಅಂದರೆ ಪೆಟ್ಟಿಗೆಗೆ ಹಾಕುವ ಮೊದಲೇ ಹಾಳೆಗೆ ಚೂರೇ ಚೂರು ಬೆಳಕು ತಿನ್ನಿಸುವುದು. ಸಣ್ಣ ಬಲ್ಬಿಗೆ ಮೂರು ಪದರ ಬಿಳಿ ಕಾಗದ ಸುತ್ತಿ ಎರಡು ಮೀಟರ್ ದೂರದಲ್ಲಿಟ್ಟೆ. ಹಾಳೆ 13ರ ಪಟ್ಟಿಗಳಿಗೆ 1ರಿಂದ 6 ಸೆಕೆಂಡ್ ತನಕ ಕೊಟ್ಟು ಡೆವಲಪ್ ಮಾಡಿದೆ. ನಾಲ್ಕನೆಯದರಲ್ಲಿ ಮೊದಲ ಬೂದು ಕಂಡಿತು.

ಹಾಳೆ 14: ನಾಲ್ಕು ಸೆಕೆಂಡೇ ಕೊಟ್ಟೆ. ಚಿತ್ರದ ಮೇಲೆಲ್ಲ ಬೂದಿ ಎರಚಿದ ಹಾಗಾಯಿತು. ಬೂದು ಕಾಣುವ ಹಿಂದಿನ ಹೆಜ್ಜೆ ತೆಗೆದುಕೊಳ್ಳಬೇಕು, ನನಗೆ ಮೂರು ಸೆಕೆಂಡ್.

ಹಾಳೆ 15: ಬೆಳಗ್ಗೆ ಏಳಕ್ಕೆ ಹೋದೆ, ಗೋಡೆ ಬಂಗಾರದ ಬಣ್ಣ. ಎರಡು ನಿಮಿಷ ಕೊಟ್ಟರೂ ನೆಗೆಟಿವ್ ಬಿಳಿಚಿಕೊಂಡಿತ್ತು. ಆ ಹೊತ್ತಿನ ಬೆಳಕಿನಲ್ಲಿ ನೀಲಿ ಕಡಿಮೆ. ನಮ್ಮ ಕಣ್ಣಿಗೆ ಬಂಗಾರ, ಕಾಗದಕ್ಕೆ ಕತ್ತಲೆ.

ಹಾಳೆ 16: ಎಲ್ಲ ಸರಿ ಇತ್ತು, ಶಟರ್ ಟೇಪು ಬಿಗಿಯಾಗಿ ಅಂಟಿತ್ತು. ಎಳೆದಾಗ ಟ್ರೈಪಾಡೇ ತಿರುಗಿತು. ಈಗ ಟೇಪಿನ ತುದಿಯನ್ನು ಮಡಚಿ ಹಿಡಿ ಮಾಡಿದ್ದೇನೆ. ಅಲ್ಲದೆ ಎದುರಿಗೆ ಕಪ್ಪು ರಟ್ಟು ಹಿಡಿದು, ಟೇಪು ತೆಗೆದು, ಅಲುಗಾಟ ನಿಲ್ಲಲು ಐದು ಸೆಕೆಂಡ್ ಕಾದು, ಆಮೇಲೆ ರಟ್ಟು ಸರಿಸುತ್ತೇನೆ.

ಹಾಳೆ 17 ಮತ್ತು 18: ಹತ್ತೂವರೆ ಗಂಟೆ, ತೆಳು ಮೋಡ, ನೆರಳಿನ ಅಂಚು ಮೆತ್ತಗೆ. ಮುನ್ಬೆಳಕು 3 ಸೆಕೆಂಡ್, ಎಕ್ಸ್‌ಪೋಷರ್ 2 ನಿಮಿಷ 40 ಸೆಕೆಂಡ್. ಎರಡನೆಯದು ಮರುದಿನ ಅದೇ ಹೊತ್ತಿಗೆ, 3 ನಿಮಿಷ. ಎರಡೂ ಬಂದವು. ಕಮಾನಿನೊಳಗೆ ಕಲ್ಲಿನ ಸಾಲು ಕಾಣುತ್ತದೆ, ಹೆಂಚಿನ ಸಾಲು ನೇರವಾಗಿದೆ. ಒಂದು ದೋಷ ಉಳಿದಿದೆ. ತೂತು ಮೇಲೆ ಸರಿಸಿದ್ದರಿಂದ ಆಕಾಶದ ಮೂಲೆಗಳು ತೂತಿಗೆ ತುಂಬಾ ಓರೆಯಾಗಿವೆ. ಲೆಕ್ಕದ ಪ್ರಕಾರ ಅಲ್ಲಿ ಎರಡೂವರೆ ಸ್ಟಾಪ್‌ಗಿಂತ ಜಾಸ್ತಿ ಬೆಳಕು ಕಡಿಮೆ (ಒಂದು ಸ್ಟಾಪ್ ಇಳಿದರೆ ಬೆಳಕು ಅರ್ಧ). ಅದಲುಬದಲು ಮಾಡಿ ನೋಡಿದರೆ ಮೂಲೆಗಳು ಕಪ್ಪಾಗಿ, ಮಳೆ ಬರುವ ಆಕಾಶದ ಹಾಗೆ ಕಾಣುತ್ತಿವೆ. ಸರಿಪಡಿಸುವ ಯೋಚನೆ ಇಲ್ಲ, ನನಗೆ ಹಾಗೇ ಇಷ್ಟ.

ದಿನ 21: ಪ್ರಿಂಟ್

ಮೊದಲು ನೆಗೆಟಿವ್ ಸ್ಕ್ಯಾನ್ ಮಾಡಿ, ಕಪ್ಪು ಬಿಳುಪು ಅದಲುಬದಲು ಮಾಡಿ, ತಲೆ ಮೇಲೆ ಮಾಡಿ, ಕಾವಲುಗಾರನಿಗೆ ಫೋನಿನಲ್ಲಿ ತೋರಿಸಿದೆ. ಎರಡು ಬೆರಳಲ್ಲಿ ಹಿಗ್ಗಿಸಿ ನೋಡಿದ.

"ಚೆನ್ನಾಗದೆ ಸಾರ್. ಗಡಿಯಾರ ಮಾತ್ರ ತಪ್ಪು."

ಮಸುಕು ಮುಳ್ಳುಗಳು 7:40 ತೋರಿಸುತ್ತಿದ್ದವು. ಕಾಗದದ ನೆಗೆಟಿವನ್ನು ಎದುರಿನಿಂದ ಸ್ಕ್ಯಾನ್ ಮಾಡಿದರೆ ಎಡಬಲ ಕನ್ನಡಿಯ ಹಾಗೆ ಬದಲಾಗಿರುತ್ತದೆ. ಕಂಪ್ಯೂಟರಿನಲ್ಲಿ ಅದನ್ನೂ ತಿರುಗಿಸಬೇಕಿತ್ತು. ಮೂರು ವಾರ ಆ ಕಟ್ಟಡ ನೋಡಿದ ನನಗೆ ಗೊತ್ತಾಗಲಿಲ್ಲ. ಕಾಂಟ್ಯಾಕ್ಟ್ ಪ್ರಿಂಟಿನಲ್ಲಿ ಈ ಗೋಳಿಲ್ಲ: ನೆಗೆಟಿವ್ ಮತ್ತು ಹೊಸ ಹಾಳೆಯ ಲೇಪನದ ಬದಿಗಳನ್ನು ಒಂದಕ್ಕೊಂದು ಮುಖ ಮಾಡಿ, ಮೇಲೆ ಗಾಜು ಒತ್ತಿ, ಅದೇ ಬಲ್ಬಿನ ಸುತ್ತಿನ ಕಾಗದ ತೆಗೆದು 12 ಸೆಕೆಂಡ್ ಕೊಟ್ಟೆ. 4:20 ಸರಿಯಾಗಿ ಬಂತು. ಪ್ರಿಂಟಿಗೆ ಬಳಸಿದ್ದು ಬೇರೆ ಹಳೆಯ ಪ್ಯಾಕೆಟ್ಟಿನ ಹಾಳೆ, ಮೇಲಿನ ಲೆಕ್ಕದಲ್ಲಿ ಸೇರಿಲ್ಲ. ಒಂದು ಪ್ರಿಂಟ್ ಅವನಿಗೆ ಕೊಟ್ಟೆ.

ಈಗ ನಿಂತಿರುವುದು

ಏಳು ಹಾಳೆ ಉಳಿದಿವೆ, ಮನಸ್ಸು ಮೇವಿನ ಕೋಣೆಯ ಮೇಲಿದೆ. ಬಾಗಿಲಿನಿಂದ ಗೋಡೆಗೆ 3 ಮೀಟರ್. ಬೀಗದ ಕಂಡಿ 12 ಮಿ.ಮೀ., ತೀರಾ ದೊಡ್ಡದು. ಅದಕ್ಕೇ ಮರ ಅಷ್ಟು ಮಸುಕು. ಅದೇ ಸೂತ್ರ 2.2 ಮಿ.ಮೀ. ಕೇಳುತ್ತದೆ. ಕ್ಯಾನಿನ ತಗಡಿನಲ್ಲಿ ಡ್ರಿಲ್ ಬಿಟ್ಟಿನಿಂದಲೇ ಕೊರೆದಿಟ್ಟಿದ್ದೇನೆ, ಈ ಸಲ ಹತ್ತು ನಿಮಿಷಕ್ಕಿಂತ ಜಾಸ್ತಿ ಹೊತ್ತು ಕೊಡಲಿಲ್ಲ. ಎಫ್ ಸಂಖ್ಯೆ 1360 ದಾಟುತ್ತದೆ. ಬಿಸಿಲಲ್ಲೂ ಲೆಕ್ಕಕ್ಕೆ 20 ನಿಮಿಷ, ಕಾಗದದ ಸೋಮಾರಿತನ ಸೇರಿದರೆ ಒಂದು ಗಂಟೆ ಹತ್ತಿರ. ಹಾಳೆಗಳನ್ನು ಗೋಡೆಗೆ ಅಂಟಿಸುವ ಹಾಗಿಲ್ಲ, ಹಳೆಯ ಗಾರೆ ಕಿತ್ತು ಬರುತ್ತದೆ. ಹಾಗಾಗಿ ಗೋಡೆಗೆ ತಾಗದಂತೆ ನಿಲ್ಲಿಸುವ ಒಂದು ಹಲಗೆ ಮಾಡಬೇಕು. ಬಾಗಿಲಿನ ಕೆಳಗಿನ ಸಂದಿಯಿಂದಲೂ ಬೆಳಕು ಬರುತ್ತದೆ, ಅದಕ್ಕೆ ಗೋಣಿಚೀಲ ಸಾಕೋ ಸಾಲದೋ ನೋಡಬೇಕು. ಒಂದು ಗಂಟೆ ಒಳಗೆ ಬೀಗ ಹಾಕಿಕೊಂಡು ಕೂರಲು ಕಚೇರಿಯವರು ಇನ್ನೂ ಒಪ್ಪಿಲ್ಲ. ಕಾವಲುಗಾರ ಒಪ್ಪಿದ್ದಾನೆ, ತಾನೂ ಒಳಗೇ ಕೂರುತ್ತಾನಂತೆ.